ಯೆಜ್ಡಿಗೆ ಜಾವಾ ಬ್ಯಾಡ್ಜ್ ಯಾಕ್ರಪ್ಪಾ?

1/8

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿಂದಾದ್ರೂ ಸರಿ, ನಂಗೆ ಬರೋ ಡಿಎಂ ಒಂದೇ ಥರ ಇರುತ್ತೆ. ಮರೂನ್ ಕಲರ್ ಗಾಡಿ, ಹೊಳೆಯೋ ಕ್ರೋಮ್ ಟ್ಯಾಂಕು, ಅದರ ಮೇಲೆ ಹೊಸಾ ಜಾವಾ ಬ್ಯಾಡ್ಜು. ಕೆಳಗೆ ಒಂದು ಲೈನು: "ಬ್ರೋ, 1969 ಜಾವಾ ಅಂತೆ. ಒರಿಜಿನಲ್ಲಾ?"

ಗಾಡಿ ಒರಿಜಿನಲ್ಲೇ ಗುರು. ಮೈಸೂರಲ್ಲೇ ಹುಟ್ಟಿದ್ದು, ಅದ್ರಲ್ಲಿ ಡೌಟಿಲ್ಲ. ಬ್ಯಾಡ್ಜು ಮಾತ್ರ ಅದರದ್ದಲ್ಲ. ಹತ್ತು ಹದಿನೈದು ವರ್ಷ ಆಮೇಲೆ ಬಂದ ಯೆಜ್ಡಿಗೆ ಬಣ್ಣ ಬಳಿದು, ಹಳೇ ಹೆಸರು ಕಿತ್ತು, ಅದಕ್ಕಿಂತಾ ಹಳೇ ಹೆಸರು ಅಂಟಿಸಿರ್ತಾರೆ. ಆಮೇಲೆ ರೇಟು ಏರುತ್ತೆ.

ಈ ಸಲದ ಸೀರೀಸ್ ಪೂರ್ತಿ ಇದರ ಬಗ್ಗೇನೇ. ಸರಿಯಾದ ಬ್ಯಾಡ್ಜು ಯಾವುದು, ಹೇಗೆ ಗುರುತು ಹಿಡಿಯೋದು, ಮತ್ತೆ ಇದು ಬರೀ "ಲುಕ್ಸ್" ವಿಷಯ ಅಲ್ಲ ಅಂತ ನಾನ್ಯಾಕೆ ಹೇಳ್ತೀನಿ ಅನ್ನೋದು. ಉದ್ದ ಐತೆ, ಸೇವ್ ಮಾಡಿಟ್ಕೊಂಡು ನಿಧಾನಕ್ಕೆ ಓದಿ.

2/8

ಮೊದ್ಲು ಹೆಸರಿನ ಕಥೆ. ಇದು ಗೊತ್ತಿಲ್ದೆ ಬ್ಯಾಡ್ಜ್ ನೋಡಿದ್ರೆ ಏನೂ ತಿಳಿಯಲ್ಲ.

ಜಾವಾ ಅನ್ನೋದು ಇಂಡೋನೇಷ್ಯಾದ ದ್ವೀಪದ ಹೆಸರಲ್ಲ. 1929ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಯಾನೆಚೆಕ್ ಅನ್ನೋ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ಡಿಸೈನನ್ನ ತಗೊಂಡು ಬೈಕ್ ಮಾಡೋಕೆ ಶುರು ಮಾಡ್ದ. ಯಾನೆಚೆಕ್‌ನ ಮೊದಲ ಎರಡಕ್ಷರ, ವಾಂಡರರ್‌ನ ಮೊದಲ ಎರಡಕ್ಷರ, ಇಂಗ್ಲಿಷಲ್ಲಿ ಸೇರಿಸಿದ್ರೆ ಜಾವಾ. ಅಂದ್ರೆ ಆ ಹೆಸರೇ ಒಂದು ಜೋಡಣೆ. ಇದನ್ನ ನೆನಪಿಟ್ಕೊಳ್ಳಿ.

ಮೈಸೂರಿಗೆ ಅದು ಬಂದಿದ್ದು ಐಡಿಯಲ್ ಜಾವಾ ಅನ್ನೋ ಕಂಪನಿ ಮೂಲಕ. ರುಸ್ತುಂ ಇರಾನಿ, ಫರ್ರೋಖ್ ಇರಾನಿ ಕಟ್ಟಿದ ಕಂಪನಿ. 1961ರಲ್ಲಿ ಯಾದವಗಿರಿಯ ಫ್ಯಾಕ್ಟರಿಯಿಂದ ಗಾಡಿಗಳು ಹೊರಗೆ ಬರೋಕೆ ಶುರುವಾದ್ವು. ಉದ್ಘಾಟನೆ ಮಾಡಿದ್ದು ಜಯಚಾಮರಾಜ ಒಡೆಯರು. ಆಗ ಟ್ಯಾಂಕ್ ಮೇಲೆ ಇದ್ದ ಹೆಸರು ಜಾವಾ.

1970ರ ದಶಕದ ಶುರುವಿನಲ್ಲಿ ಹೆಸರು ಬದಲಾಯ್ತು. ಚೆಕ್ ಹೆಸರು ಹೋಗಿ ಯೆಜ್ಡಿ ಬಂತು. ಇರಾನ್ ದೇಶದ ಯಜ್ದ್ ಅನ್ನೋ ಊರಿಂದ ಬಂದ ಹೆಸರು ಅದು. ಫ್ಯಾಕ್ಟರಿ ಅದೇ, ಕೆಲಸ ಮಾಡೋರು ಅವರೇ, ಶುರುವಿನ ವರ್ಷಗಳಲ್ಲಿ ಗಾಡಿನೂ ಹೆಚ್ಚುಕಮ್ಮಿ ಅದೇ. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಫ್ಯಾಕ್ಟರಿ ಬಾಗಿಲು ಹಾಕ್ತು.

ಈಗ ನೀವೇ ಲೆಕ್ಕ ಹಾಕಿ. ಮೈಸೂರಲ್ಲಿ ಜಾವಾ ಹೆಸರಿದ್ದಿದ್ದು ಸುಮಾರು ಹತ್ತು ವರ್ಷ. ಯೆಜ್ಡಿ ಹೆಸರಿದ್ದಿದ್ದು ಹತ್ತಿರ ಹತ್ತಿರ ಇಪ್ಪತ್ತೈದು ವರ್ಷ. ನಮ್ಮ ತಾತಂದಿರು ಹಾಲಿನ ಕ್ಯಾನ್ ಕಟ್ಕೊಂಡು, ಆಲೂಗಡ್ಡೆ ಮೂಟೆ ಹೇರ್ಕೊಂಡು ಸಂತೆಗೆ ಓಡಿಸಿದ್ದು ಬಹುಪಾಲು ಯೆಜ್ಡಿ. ಆದ್ರೆ ಇವತ್ತು ರಸ್ತೇಲಿ ಕಾಣೋ ಹಳೇ ಗಾಡಿ ನೋಡಿದ್ರೆ ಎಲ್ಲಾ ಜಾವಾನೇ. ಯೆಜ್ಡಿಗಳೆಲ್ಲ ಎಲ್ಲಿಗೆ ಹೋದ್ವು? ಎಲ್ಲೂ ಹೋಗಿಲ್ಲ. ಹೆಸರು ಬದಲಾಯಿಸ್ಕೊಂಡಿವೆ.

3/8

ಸರಿ, ಗುರುತು ಹಿಡಿಯೋದು ಹೇಗೆ? ಟ್ಯಾಂಕನ್ನ ಕೊನೇಗೆ ನೋಡಿ. ಎಲ್ಲರೂ ಮೊದ್ಲು ಅದನ್ನೇ ನೋಡೋದು, ಅದಕ್ಕೇ ಸುಳ್ಳು ಹೇಳೋರು ಮೊದ್ಲು ಅದನ್ನೇ ರೆಡಿ ಮಾಡೋದು.

ಬಗ್ಗಿ ಎಂಜಿನ್ ನೋಡಿ. ಎರಡೂ ಕಡೆ ಅಲ್ಯುಮಿನಿಯಂ ಕವರ್ ಇರುತ್ತೆ. ಹೆಸರು ಅಂಟಿಸಿದ್ದಲ್ಲ, ಎರಕದಲ್ಲೇ ಬಂದಿದ್ದು. ಟ್ಯಾಂಕ್ ಮೇಲೆ ಜಾವಾ, ಕವರ್ ಮೇಲೆ ಯೆಜ್ಡಿ ಇದ್ರೆ ಕೇಳಿ, "ಅಣ್ಣಾ, ಇದು ಯಾಕೆ ಹಿಂಗೆ?" ಉತ್ತರ ಕೆಲವು ಸಲ ನ್ಯಾಯವಾಗೇ ಇರುತ್ತೆ. ಕವರ್ ಒಡೆದೋಗಿತ್ತು, ಗುಜರಿಯಿಂದ ಬೇರೇದು ತಂದು ಹಾಕ್ಸಿದ್ವಿ ಅಂತಾರೆ. ಪಾರ್ಟ್ಸು ಒಂದಕ್ಕೊಂದು ಕೂರ್ತವೆ, ಆಗುತ್ತೆ. ಅದಕ್ಕೇ ಒಂದೇ ಸಾಕ್ಷಿ ನೋಡಿ ತೀರ್ಪು ಕೊಡಬೇಡಿ. ಆದ್ರೆ ಎರಡೂ ಕವರಲ್ಲೂ ಇರಬೇಕಾದ ಹೆಸರನ್ನ ಗ್ರೈಂಡ್ ಮಾಡಿ, ಬಫ್ ಹೊಡೆದು ನುಣ್ಣಗೆ ಮಾಡಿದ್ರೆ? ಅದು ಒಡೆದಿದ್ದಲ್ಲ, ಒರೆಸಿದ್ದು.

ಆಮೇಲೆ ಸ್ಪೀಡೋಮೀಟರ್. ಹಳೇ ಜಾವಾದಲ್ಲಿ ಅದು ಹೆಡ್‌ಲೈಟ್ ಬುರುಡೆ ಒಳಗೇ ಕೂತಿರುತ್ತೆ. ಶುರುವಿನ ಯೆಜ್ಡಿಗಳಲ್ಲೂ ಹಾಗೇ, ಆದ್ರಿಂದ ಇದು ಅರ್ಧ ಸಾಕ್ಷಿ ಅಷ್ಟೆ. ರೋಡ್‌ಕಿಂಗ್‌ನಲ್ಲಿ ಮೀಟರ್ ಬೇರೆಯಾಗಿ ಮೇಲಿರುತ್ತೆ. ರೋಡ್‌ಕಿಂಗ್‌ಗೆ ಜಾವಾ ಬ್ಯಾಡ್ಜ್ ಹಾಕಿರೋರನ್ನೂ ನೋಡಿದೀನಿ. ಅದಕ್ಕೆ ಏನ್ ಹೇಳೋದು, ನಕ್ಕು ಮುಂದೆ ಹೋಗೋದಷ್ಟೆ.

ಈಗ ಟ್ಯಾಂಕಿಗೆ ಬನ್ನಿ. ಬ್ಯಾಡ್ಜ್ ಅಂಚನ್ನ ಬೆರಳಲ್ಲಿ ಸವರಿ. ಹೊಸಾ ನಕಲು ಬ್ಯಾಡ್ಜ್ ಮಾಡೋರು ಸಾಮಾನ್ಯವಾಗಿ ಹಳೇ ಬ್ಯಾಡ್ಜನ್ನೇ ಅಚ್ಚಿಗೆ ಇಟ್ಟು ಎರಕ ತೆಗೀತಾರೆ. ಲೋಹ ತಣ್ಣಗಾದಾಗ ಕುಗ್ಗುತ್ತೆ. ಆದ್ರಿಂದ ನಕಲು ಕೂದಲೆಳೆಯಷ್ಟು ಚಿಕ್ಕದಾಗಿರುತ್ತೆ, ಅಕ್ಷರದ ಮೂಲೆಗಳು ಸೋಪಿನ ಥರ ದುಂಡಗಾಗಿರ್ತವೆ. ಪಕ್ಕದಲ್ಲಿ ಒಂದು ಒರಿಜಿನಲ್ ಇಟ್ಟು ನೋಡಿದ್ರೆ ಐದು ಸೆಕೆಂಡಲ್ಲಿ ಗೊತ್ತಾಗುತ್ತೆ. ಪಕ್ಕದಲ್ಲಿ ಒರಿಜಿನಲ್ ಇಲ್ವಲ್ಲ ಅಂದ್ರೆ, ಮೈಸೂರಲ್ಲೋ ಬೆಂಗಳೂರಲ್ಲೋ ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ಡೇ ನಡೆಯುತ್ತೆ, ಒಂದು ಸಲ ಹೋಗಿ. ಒಂದು ಬೆಳಗ್ಗೇಲಿ ಕಲಿಯೋದನ್ನ ಯಾವ ರೀಲ್ಸೂ ಕಲಿಸಲ್ಲ.

ಇನ್ನೊಂದು, ಇದು ನನ್ನ ಫೇವರಿಟ್. ಬ್ಯಾಡ್ಜ್ ಎಲ್ಲಿ ಹೊಸದೋ ಅಲ್ಲಿ ಸುತ್ತಲಿನ ಪೇಂಟೂ ಹೊಸದಿರುತ್ತೆ. ಸೀಟ್ ತೆಗೆಸಿ ಟ್ಯಾಂಕಿನ ಹಿಂಬದಿ, ಅಡಿಭಾಗ ನೋಡಿ. ಅಲ್ಲಿ ಕಪ್ಪೋ ನೀಲಿಯೋ ಹಳೇ ಬಣ್ಣ ಇಣುಕ್ತಿದ್ರೆ, ಆ ಮರೂನು ಮೊನ್ನೆ ಮೊನ್ನೆ ಬಂದಿದ್ದು.

4/8

"ಆರ್‌ಸೀಲಿ ಜಾವಾ ಅಂತಾನೇ ಐತೆ ಬ್ರೋ!"

ಈ ಮಾತಿಗೆ ಬಿದ್ದವರು ಬಹಳ ಜನ. ಸರಿಯಾಗಿ ಓದಿ. ತಯಾರಕರ ಹೆಸರಿನ ಜಾಗದಲ್ಲಿ ಇರೋದು ಬರೀ ಜಾವಾನಾ, ಇಲ್ಲಾ ಐಡಿಯಲ್ ಜಾವಾನಾ? ಕಂಪನಿ ಹೆಸರು ಕೊನೇವರೆಗೂ ಐಡಿಯಲ್ ಜಾವಾನೇ. ಬ್ರ್ಯಾಂಡ್ ಮಾತ್ರ ಯೆಜ್ಡಿ ಆಗಿದ್ದು. ಅಂದ್ರೆ 1990ರ ರೋಡ್‌ಕಿಂಗನ್ನ ಮಾಡಿದ್ದೂ ಐಡಿಯಲ್ ಜಾವಾನೇ. ಆರ್‌ಸಿ ಸುಳ್ಳು ಹೇಳ್ತಿಲ್ಲ, ಮಾರೋನು ಅದರ ಅರ್ಧ ಮಾತ್ರ ಓದಿ ಹೇಳ್ತಾನೆ.

ನೋಡಬೇಕಾಗಿದ್ದು ಮೂರು: ತಯಾರಾದ ವರ್ಷ, ಚಾಸಿ ನಂಬರು, ಎಂಜಿನ್ ನಂಬರು. ಹ್ಯಾಂಡಲ್ ಕೆಳಗೆ ಫ್ರೇಮಿನ ಕತ್ತಿನ ಹತ್ರ ಟಾರ್ಚ್ ಬಿಟ್ಟು ಚಾಸಿ ನಂಬರ್ ನೀವೇ ಓದಿ. ಮಾರೋನು ಓದಿ ಹೇಳಿದ್ದನ್ನ ಬರ್ಕೋಬೇಡಿ. ನಂಬರಿನ ಸುತ್ತ ಲೋಹ ಉಜ್ಜಿದ್ದರೆ, ಅಕ್ಷರಗಳು ಒಂದೇ ಸಾಲಲ್ಲಿ ಇಲ್ದಿದ್ರೆ, ಅಲ್ಲಿಂದ ಟೀ ಕುಡಿದು ಎದ್ದು ಬನ್ನಿ. ಅದು ಬ್ಯಾಡ್ಜ್ ವಿಷಯ ಅಲ್ಲ, ಪೊಲೀಸ್ ವಿಷಯ. ನಂಬರ್ ಪ್ಲೇಟ್ ಕೆಎ-13 ಅಂತ ಇದ್ರೆ ಅದು ನಮ್ಮ ಜಿಲ್ಲೇಲಿ ರಿಜಿಸ್ಟರ್ ಆಗಿದೆ ಅಂತಷ್ಟೇ ಅರ್ಥ, ಗಾಡಿ ವಯಸ್ಸು ಅದ್ರಿಂದ ಗೊತ್ತಾಗಲ್ಲ.

5/8

ಇದು ನಮ್ಮೂರಿನ ಚಾಳಿ ಮಾತ್ರ ಅನ್ಕೊಂಡ್ರಾ? ಅಮೆರಿಕದೋರು ಇದ್ರಲ್ಲಿ ನಮಗಿಂತಾ ಸೀನಿಯರ್ಸು.

1957ರ ಷೆವ್ರೊಲೆ ಕಾರು ನೋಡಿರ್ತೀರಿ, ಹಿಂದೆ ಮೀನಿನ ರೆಕ್ಕೆ ಥರ ಇರುತ್ತಲ್ಲ ಅದು. ಅದ್ರಲ್ಲಿ ಮೂರು ದರ್ಜೆ ಇತ್ತು. ಕೆಳಗಿಂದ ಒನ್-ಫಿಫ್ಟಿ, ಟೂ-ಟೆನ್, ಮೇಲಿಂದು ಬೆಲ್ ಏರ್. ಬಾಡಿ ಒಂದೇ, ಟ್ರಿಮ್ ಬೇರೆ. ಬೆಲ್ ಏರ್‌ಗೆ ಹಿಂದಿನ ರೆಕ್ಕೆ ಮೇಲೆ ಗೀರುಗೀರಿನ ಅಲ್ಯುಮಿನಿಯಂ ಪಟ್ಟಿ, ಗ್ರಿಲ್ ಚಿನ್ನದ ಬಣ್ಣ. ಎಂಟು ಸಿಲಿಂಡರಿನ ಎಂಜಿನ್ ಇದ್ರೆ ಬಾನೆಟ್ ಮೇಲೆ ವಿ ಆಕಾರದ ಲಾಂಛನ. ಬೆಲ್ ಏರಲ್ಲಿ ಆ ವಿ ಕೂಡ ಚಿನ್ನದ ಬಣ್ಣದ್ದು. ಆರು ಸಿಲಿಂಡರ್ ಗಾಡಿಗೆ ವಿ ಇರಲ್ಲ.

ಈಗ ಅಲ್ಲಿ ಈ ಎಲ್ಲಾ ಪಟ್ಟಿ, ಲಾಂಛನ ಹೊಸದಾಗಿ ಮಾಡಿ ಮಾರ್ತಾರೆ. ಟೂ-ಟೆನ್ ತಗೊಂಡು ಬೆಲ್ ಏರ್ ಮಾಡೋದು ಸುಲಭ. ಆದ್ರೆ ಗಾಡಿ ನಂಬರಿನ ಶುರುವಲ್ಲಿರೋ ಅಕ್ಷರ ಬಾಯಿ ಬಿಡುತ್ತೆ: ಎ ಅಂದ್ರೆ ಒನ್-ಫಿಫ್ಟಿ, ಬಿ ಅಂದ್ರೆ ಟೂ-ಟೆನ್, ಸಿ ಅಂದ್ರೆ ಬೆಲ್ ಏರ್. ಮುಂದೆ ವಿ ಇದ್ರೆ ಎಂಟು ಸಿಲಿಂಡರು. ಚಿನ್ನದ ಗ್ರಿಲ್ ಹಾಕ್ಬೋದು, ಬಿ ಅನ್ನೋದನ್ನ ಸಿ ಮಾಡೋಕಾಗಲ್ಲ.

ಇಲ್ಲೀವರೆಗೆ ಸುಲಭ. ಈಗ ತಲೆಕೆಳಗಾದ ಕೇಸು ನೋಡಿ.

ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಅಂತ ಕಂಪನಿ ಇತ್ತು, ವಾಲ್‌ಚಂದ್ ಹೀರಾಚಂದ್ ಅವರದ್ದು. ಅಮೆರಿಕದ ಕ್ರೈಸ್ಲರ್ ಕಂಪನಿ ಲೈಸೆನ್ಸಲ್ಲಿ ಕಾರು ಜೋಡಿಸ್ತಿದ್ರು. 1950ರ ದಶಕದಲ್ಲಿ ಅವರು ಡಾಡ್ಜ್ ಕಿಂಗ್ಸ್‌ವೇ, ಪ್ಲಿಮತ್ ಸವಾಯ್, ಡಿಸೋಟೊ ಡಿಪ್ಲೊಮ್ಯಾಟ್ ಅಂತ ಮೂರು ಕಾರು ಮಾರಿದ್ರು. ಮೂರಕ್ಕೂ ಮೂಲ ಒಂದೇ, ಪ್ಲಿಮತ್. ಮೂತಿ ಮತ್ತೆ ಬ್ಯಾಡ್ಜ್ ಬದಲಾಯಿಸಿದ್ರೆ ಕಿಂಗ್ಸ್‌ವೇ, ಇನ್ನೊಂದು ಥರ ಬದಲಾಯಿಸಿದ್ರೆ ಡಿಪ್ಲೊಮ್ಯಾಟ್. ಅಮೆರಿಕದ ಪುಸ್ತಕ ಹಿಡ್ಕೊಂಡು ಬಂದ ಎಕ್ಸ್‌ಪರ್ಟ್ ಒಬ್ಬ ನಮ್ಮ ಕಿಂಗ್ಸ್‌ವೇ ನೋಡಿದ್ರೆ, "ಪ್ಲಿಮತ್ ಬಾಡಿಗೆ ಯಾರೋ ಡಾಡ್ಜ್ ಮೂತಿ ಅಂಟಿಸಿದಾರೆ" ಅಂತಾನೆ. ಹೌದು, ಅಂಟಿಸಿದಾರೆ. ಕಂಪನೀನೇ ಅಂಟಿಸಿದ್ದು! ಅದೇ ಆ ಗಾಡಿಗೆ ಸರಿ. ಇಂಥ ಗಾಡಿಗಳಿಗೆ ಕಲೆಕ್ಟರ್‌ಗಳು "ಪ್ಲಾಡ್ಜ್" ಅಂತ ಅಡ್ಡಹೆಸರೇ ಇಟ್ಟಿದಾರೆ. ಅದನ್ನ "ಸರಿಪಡಿಸ್ತೀನಿ" ಅಂತ ಹೊರಟ್ರೆ ಗಾಡಿ ಹಾಳಾದ ಹಾಗೇನೆ.

ಕಾರು ಬಿಡಿ, ನಿಮ್ಮೂರಲ್ಲಿ ವಯಸ್ಸಾದ ಲಾರಿ ಡ್ರೈವರ್‌ಗಳಿದ್ರೆ ಫಾರ್ಗೋ, ಡಾಡ್ಜ್, ಡಿಸೋಟೊ ಲಾರಿಗಳ ಬಗ್ಗೆ ಕೇಳಿ. ಅದೂ ಕುರ್ಲಾದ್ದೇ, ಅದೇ ಆಟ. ಒಂದೇ ಲಾರಿ, ಬೇರೆ ಬೇರೆ ಹಣೆಪಟ್ಟಿ.

ಅದಕ್ಕೇ ನನ್ನ ವಾದ ಇಷ್ಟು. ಒಂದು ಗಾಡಿಗೆ ಸರಿಯಾದ ಬ್ಯಾಡ್ಜ್ ಅಂದ್ರೆ ಜಾಸ್ತಿ ಚೆನ್ನಾಗಿರೋದಲ್ಲ, ಜಾಸ್ತಿ ಹಳೇದಲ್ಲ, ಫಾರಿನ್ ಪುಸ್ತಕದಲ್ಲಿರೋದೂ ಅಲ್ಲ. ಆ ಗಾಡಿ ತನ್ನ ಫ್ಯಾಕ್ಟರಿ ಗೇಟ್ ದಾಟಿದ ದಿನ ಅದರ ಮೈಮೇಲೆ ಏನಿತ್ತೋ ಅದು. ಕುರ್ಲಾ ಗೇಟಲ್ಲಿ ಡಾಡ್ಜ್ ಇದ್ರೆ ಡಾಡ್ಜ್. ಯಾದವಗಿರಿ ಗೇಟಲ್ಲಿ ಯೆಜ್ಡಿ ಇದ್ರೆ ಯೆಜ್ಡಿ.

6/8

ಈ ಭಾಗ ನನ್ನ ಕ್ಲಾಸ್‌ಮೇಟ್ಸ್‌ಗೆ. ಬಿಸಿನೆಸ್ ಲಾ ಪೇಪರು ಬರೀ ಪಾಸಾಗೋಕೆ ಓದಿದ್ರಲ್ಲ, ಬನ್ನಿ ಈಗ ಯೂಸ್ ಮಾಡೋಣ.

ಸರಕು ಮಾರಾಟ ಕಾಯ್ದೆ, 1930. ಸೆಕ್ಷನ್ 16 ಎಲ್ಲರಿಗೂ ನೆನಪಿರುತ್ತೆ, ಕೊಳ್ಳೋನೇ ಎಚ್ಚರವಾಗಿರಬೇಕು ಅನ್ನೋದು. ಹಳೇ ಗಾಡಿ ಮಾರೋರ ಬಾಯಲ್ಲಿ ಇದು ಬೇರೆ ಮಾತಲ್ಲಿ ಬರುತ್ತೆ: "ನೋಡ್ಕೊಂಡು ತಗೋಬೇಕಿತ್ತು." ಆದ್ರೆ ಅದಕ್ಕಿಂತಾ ಮುಂಚೆ ಸೆಕ್ಷನ್ 15 ಐತೆ. ವರ್ಣನೆ ಹೇಳಿ ಮಾರಿದ್ರೆ ಸರಕು ಆ ವರ್ಣನೆಗೆ ಹೊಂದಬೇಕು, ಅದು ಒಪ್ಪಂದದ ಷರತ್ತೇ. "1969 ಜಾವಾ" ಅನ್ನೋದು ವರ್ಣನೆ ಅಲ್ದೆ ಇನ್ನೇನು?

ಚಾಲಾಕಿ ಮಾರಾಟಗಾರ ಹಾಗೆ ಬಾಯಿಬಿಟ್ಟು ಹೇಳಲ್ಲ. ಸುಮ್ನೆ ಗಾಡಿ ನಿಲ್ಲಿಸ್ತಾನೆ. ನೀವೇ "ಓ ಜಾವಾ!" ಅಂತೀರಿ. ಅವನು ತಲೆ ಆಡಿಸ್ತಾನೆ. ಇಲ್ಲಿಗೆ ಕರಾರು ಕಾಯ್ದೆ, 1872, ಸೆಕ್ಷನ್ 17 ತಗೊಳ್ಳಿ. ಸುಮ್ಮನಿರೋದು ಸಾಮಾನ್ಯವಾಗಿ ವಂಚನೆ ಅಲ್ಲ, ನಿಜ. ಆದ್ರೆ ಗೊತ್ತಿದ್ದೂ ಒಂದು ಸಂಗತಿಯನ್ನ ಮೋಸ ಮಾಡೋ ಉದ್ದೇಶದಿಂದ ಬೇಕಂತಲೇ ಮರೆಮಾಚೋದು ವಂಚನೆ. ಕವರ್ ಮೇಲಿನ ಯೆಜ್ಡಿ ಅಕ್ಷರ ಗ್ರೈಂಡ್ ಮಾಡಿಸಿದ್ದು ಸುಮ್ಮನಿರೋದಾ, ಮರೆಮಾಚೋದಾ? ನಂಗಂತೂ ಉತ್ತರ ಕ್ಲಿಯರ್ ಆಗೈತೆ.

ಸೀನಿಯರ್ ಒಬ್ಬರು ಹೋದ ವರ್ಷ ಪಾರ್ಟ್‌ಟೈಮ್ ದುಡಿದ ದುಡ್ಡು, ಅಪ್ಪನ ಹತ್ರ ಈಸ್ಕೊಂಡ ದುಡ್ಡು ಎಲ್ಲಾ ಸೇರಿಸಿ ಇಂಥದ್ದೇ ಗಾಡಿ ತಗೊಂಡ್ರು. ಮೂರು ತಿಂಗಳಾದ್ಮೇಲೆ ಸರ್ವೀಸಿಗೆ ಬಿಚ್ಚಿದಾಗ ಗೊತ್ತಾಯ್ತು, 1980ರ ದಶಕದ ಗಾಡಿ ಅಂತ. ಗಾಡಿ ಚೆನ್ನಾಗಿ ಓಡ್ತಿತ್ತು, ಅದು ಬೇರೆ. ಆದ್ರೆ ಜಾವಾ ರೇಟಲ್ಲಿ ಯೆಜ್ಡಿ ತಗೊಂಡ್ರು. ವಾಪಸ್ ಕೇಳೋಕೆ ಹೋದ್ರೆ ಸಿಕ್ಕಿದ್ದು ಅದೇ ಡೈಲಾಗು, "ನೋಡ್ಕೊಂಡು ತಗೋಬೇಕಿತ್ತು." ಬರವಣಿಗೇಲಿ ಏನೂ ಇರ್ಲಿಲ್ಲ. ಅದಕ್ಕೇ ದುಡ್ಡು ಕೊಡೋಕೆ ಮುಂಚೆ ವಾಟ್ಸಾಪಲ್ಲಾದ್ರೂ ಸರಿ ಒಂದು ಲೈನ್ ಬರೆಸ್ಕೊಳ್ಳಿ: ಯಾವ ವರ್ಷ, ಯಾವ ಮಾಡೆಲ್, ಟ್ಯಾಂಕ್ ಮತ್ತೆ ಎಂಜಿನ್ ಆ ಗಾಡಿಯದ್ದೇನಾ. ಬರೆದು ಕೊಡಲ್ಲ ಅಂದ್ರೆ ಅದೇ ನಿಮ್ಮ ಉತ್ತರ.

7/8

ಕಾಮೆಂಟಲ್ಲಿ ಬರೋದು ಗೊತ್ತು. "ನನ್ನ ಗಾಡಿ, ನನ್ನಿಷ್ಟ, ಏನಾದ್ರೂ ಅಂಟಿಸ್ತೀನಿ."

ಅಂಟಿಸ್ಕೊಳ್ಳಿ. ನಿಜವಾಗ್ಲೂ. ಅಪ್ಪು ಫೋಟೋ ಅಂಟಿಸಿ, ಮನೆದೇವರ ಹೆಸರು ಬರೆಸಿ, ಯಾರೂ ಬೇಡ ಅನ್ನಲ್ಲ. ನನ್ನ ತಕರಾರು ಶುರುವಾಗೋದು ಆ ಗಾಡೀನ ಇನ್ನೊಬ್ಬನಿಗೆ ಮಾರೋ ದಿನ.

ಅದೂ ಅಲ್ದೆ ಒಂದು ಲೆಕ್ಕದ ವಿಷಯ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಪ್ರತ್ಯೇಕ ರಿಜಿಸ್ಟ್ರೇಷನ್ ತಂತು. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ಹೊಸದಾಗಿ ಮಾಡಿಸೋಕೆ ಫೀ 20,000 ರೂಪಾಯಿ. ದಿನಾ ಕಾಲೇಜಿಗೆ ಓಡಿಸೋಕೆ ಅದು ಆಗಲ್ಲ, ಪ್ರದರ್ಶನ ರ‍್ಯಾಲಿ ಇಂಥದ್ದಕ್ಕೆ. ಅಂದ್ರೆ 1975ರ ಯೆಜ್ಡಿಗೆ 2025ಕ್ಕೆ 50 ತುಂಬಿತು! ಇನ್ನು ವರ್ಷವರ್ಷವೂ ಒಂದೊಂದು ಬ್ಯಾಚ್ ಯೆಜ್ಡಿ ಆ ಗೆರೆ ದಾಟ್ತಾ ಹೋಗುತ್ತೆ. ಜಾವಾ ಅಂತ ಸುಳ್ಳು ಹೇಳೋ ಅವಶ್ಯಕತೆನೇ ಇಲ್ಲದ ಕಾಲ ಬರ್ತಾ ಇದೆ, ಆ ಹೊತ್ತಿಗೆ ಸರಿಯಾಗಿ ನಾವು ಒರಿಜಿನಲ್ ಬ್ಯಾಡ್ಜ್ ಎಲ್ಲಾ ಗುಜರಿಗೆ ಹಾಕಿ ಕೂತಿದೀವಿ.

ರೇಟು ಯಾಕೆ ಏರ್ತು ಅಂತ ನಂಗೂ ಗೊತ್ತು. 2018ರಲ್ಲಿ ಹೊಸ ಜಾವಾ ಬಂತು, ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾಗೋದು. ಅದೇ ಮರೂನು, ಅದೇ ಕ್ರೋಮು. ಅದನ್ನ ನೋಡಿ ಹಳೇದರ ಕಡೆ ತಿರುಗಿದವರು ಬಹಳ. 2022ರಲ್ಲಿ ಯೆಜ್ಡಿ ಹೆಸರೂ ವಾಪಸ್ ಬಂತು. ಆದ್ರೂ ನಮ್ಮ ಕಡೆ ಹಳೇ ಯೆಜ್ಡಿ ಅಂದ್ರೆ "ಹೊಗೆ ಗಾಡಿ", ಹಳೇ ಜಾವಾ ಅಂದ್ರೆ "ಕ್ಲಾಸಿಕ್". ಎರಡಕ್ಕೂ ಅದೇ 250 ಸಿಸಿ, ಅದೇ ಒಂದು ಸಿಲಿಂಡರಿಗೆ ಎರಡು ಸೈಲೆನ್ಸರು, ಅದೇ ಕಿಕ್ಕರ್‌ನಲ್ಲೇ ಗೇರು. ಹೊಗೆಯೂ ಅದೇ!

ಅರಕಲಗೂಡು ಕಡೆ ನಮ್ಮ ತಾತನ ಮನೇಲಿ ಒಂದು ಯೆಜ್ಡಿ ಇದೆ. ಟ್ಯಾಂಕಿನ ಒಂದು ಕಡೆ ಬ್ಯಾಡ್ಜ್ ಬಿದ್ದೋಗಿದೆ, ಇನ್ನೊಂದು ಕಡೆದು ಮಸುಕಾಗಿದೆ. ರಿಪೇರಿಯವರೊಬ್ರು, "ಪೂರ್ತಿ ಜಾವಾ ಮಾಡ್ಕೊಡ್ತೀನಿ, ಡಬಲ್ ರೇಟ್ ಬರುತ್ತೆ" ಅಂದ್ರು. ನಮ್ಮ ಚಿಕ್ಕಪ್ಪ ಒಂದು ವಾರ ಯೋಚನೆ ಮಾಡಿದ್ರು, ಮನೇಲಿ ಶುಂಠಿ ಬೆಳೆಗೆ ದುಡ್ಡು ಬೇಕಿತ್ತು, ನಾನವರನ್ನ ದೂರಲ್ಲ. ಕೊನೇಗೆ ತಾತ ಕೇಳಿದ್ದು ಒಂದೇ, "ಜಾವಾ ಯಾಕೆ? ನಾನು ಸಾಲ ಮಾಡಿ ತಂದಿದ್ದು ಯೆಜ್ಡಿ." ಗಾಡಿ ಹಾಗೇ ಉಳೀತು. ಇನ್ನೊಂದು ಕಡೆಗೆ ಹಳೇ ಯೆಜ್ಡಿ ಬ್ಯಾಡ್ಜ್ ಹುಡುಕ್ತಿದೀನಿ. ನಕಲು ಬೇಡ, ತುಕ್ಕು ಹಿಡಿದಿದ್ರೂ ಪರವಾಗಿಲ್ಲ.

8/8

ಯಾದವಗಿರಿ ಫ್ಯಾಕ್ಟರೀಲಿ ದುಡಿದವರು ಮೈಸೂರು, ಕೆ.ಆರ್. ನಗರದ ಕಡೆ ಇನ್ನೂ ಇದಾರೆ. ಚೆಕ್ ಹೆಸರು ಹೋದ ಮೇಲೂ ಅವರು ಅಷ್ಟು ವರ್ಷ ಗಾಡಿ ಕಟ್ಟಿದ್ರು, ಅದರ ಮೇಲೆ ಯೆಜ್ಡಿ ಅಂತ ಹಾಕಿ ಕಳಿಸಿದ್ರು. ನಿಮ್ಮ ಮನೆ ಹತ್ರ ಅಂಥವರಿದ್ರೆ ಹೋಗಿ ಮಾತಾಡಿ, ಗಾಡಿ ಫೋಟೋ ತೋರ್ಸಿ. ಯಾವ ವರ್ಷದಲ್ಲಿ ಯಾವ ಬ್ಯಾಡ್ಜ್, ಯಾವ ಪಟ್ಟಿ, ಯಾವ ಬಣ್ಣ ಅಂತ ಅವರು ಹೇಳಿದ್ದನ್ನ ರೆಕಾರ್ಡ್ ಮಾಡ್ಕೊಳ್ಳಿ, ಅವರನ್ನ ಕೇಳಿ ಒಪ್ಪಿದ್ರೆ ಮಾತ್ರ. ಅಮೆರಿಕದಲ್ಲಿ ಷೆವ್ರೊಲೆಗೆ ಶೆಲ್ಫ್ ತುಂಬಾ ಪುಸ್ತಕ ಐತೆ. ನಮ್ಮ ಗಾಡಿಗೆ ಆ ಪುಸ್ತಕ ಅವರೇ.

ಇನ್ನು ಡಿಎಂ ಮಾಡೋರಿಗೆ: ಬರೀ ಟ್ಯಾಂಕ್ ಫೋಟೋ ಕಳಿಸಿ "ಒರಿಜಿನಲ್ಲಾ" ಅಂತ ಕೇಳಬೇಡಿ, ಆಗಲ್ಲ. ಎಂಜಿನ್ ಎರಡೂ ಕಡೆ, ಮೀಟರ್, ಟ್ಯಾಂಕ್ ಅಡಿಭಾಗ, ಫ್ರೇಮಿನ ಕತ್ತು. ಚಾಸಿ ನಂಬರಿನ ಕೊನೇ ಅಂಕಿಗಳನ್ನ, ಆರ್‌ಸೀಲಿರೋ ಹೆಸರು ವಿಳಾಸನ ಮುಚ್ಚಿ ಕಳಿಸಿ. ಪರೀಕ್ಷೆ ನಡೀತಿದೆ, ಉತ್ತರ ಭಾನುವಾರ.

ಮುಂದಿನ ಸೀರೀಸ್ ಪದ್ಮಿನಿ ಬಗ್ಗೆ. 1100 ಡಿಲೈಟ್ ಹೋಗಿ ಪ್ರೆಸಿಡೆಂಟ್ ಆಗಿ, ಆಮೇಲೆ ಪದ್ಮಿನಿ ಆಗಿದ್ದು, ಆದ್ರೂ ಊರೆಲ್ಲ ಅದನ್ನ ಫಿಯಾಟ್ ಅಂತಾನೇ ಕರೆದಿದ್ದು. ಯಾರ ಮನೇಲಾದ್ರೂ ಇದ್ರೆ ಮುಂದಿನ ಗ್ರಿಲ್ ಮತ್ತೆ ಡಿಕ್ಕಿ ಮೇಲಿನ ಅಕ್ಷರದ ಫೋಟೋ ಕಳಿಸಿ. ಚನ್ನರಾಯಪಟ್ಟಣದಲ್ಲಿ ಬಸ್‌ಸ್ಟ್ಯಾಂಡ್ ಹಿಂದೆ ಒಂದು ನಿಂತೈತೆ ಅಂತ ಯಾರೋ ಹೇಳಿದ್ರಲ್ಲ, ಅವರು ಟ್ಯಾಗ್ ಮಾಡಿ.

#ಯೆಜ್ಡಿ #ಐಡಿಯಲ್‌ಜಾವಾ #ಮೈಸೂರುಗಾಡಿ #ಹಾಸನ #ಬ್ಯಾಡ್ಜ್‌ಕಥೆ